ಖರಾಬು ಜಮೀನಿನಲ್ಲಿ ಏನಿದೆ?



"ಕಾಡುಪ್ರಾಣಿ, ಪಕ್ಷಿಗಳನ್ನು ನೀವು ಎಲ್ಲಿ ನೋಡಿದ್ದೀರಿ?" ಎಂದು ಯಾವುದೇ ತರಗತಿಯಲ್ಲಿ ಕೇಳಿದರೂ ಬರುವ ಉತ್ತರಗಳು ಸಾಮಾನ್ಯವಾಗಿ ಮೂರು. ಮೈಸೂರಿನ ಮೃಗಾಲಯದಲ್ಲಿ, ಶಾಲಾ ಪ್ರವಾಸದಲ್ಲಿ ಬಂಡೀಪುರಕ್ಕೆ ಹೋದಾಗ, ಇಲ್ಲವೇ ಮನೆಯ ಕಿರುತೆರೆಯಲ್ಲಿ. "ನಮ್ಮೂರ ಗೋಮಾಳದಲ್ಲಿ" ಎಂದು ಹೇಳುವವರು ಅಪರೂಪ.

ಇದಕ್ಕೆ ಕಿರುತೆರೆಯೂ ಸ್ವಲ್ಪ ಮಟ್ಟಿಗೆ ಕಾರಣವೆಂದು ಒಪ್ಪಿಕೊಳ್ಳಬೇಕು. ಹುಲಿಯೊಂದು ಜಿಂಕೆಯ ಮೇಲೆರಗುವ ದೃಶ್ಯ ಅಲ್ಲಿ ಅರ್ಧ ನಿಮಿಷದಲ್ಲಿ ಮುಗಿದುಹೋಗುತ್ತದೆ. ಆ ಅರ್ಧ ನಿಮಿಷಕ್ಕಾಗಿ ಛಾಯಾಗ್ರಾಹಕರು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಕಾದಿರುತ್ತಾರೆ. ಕಾಯುವುದನ್ನು ಮಾತ್ರ ತೆರೆಯ ಮೇಲೆ ತೋರಿಸಲಾಗುವುದಿಲ್ಲ. ಹೀಗಾಗಿ ವನ್ಯಜೀವನವೆಂದರೆ ಎಲ್ಲೋ ದೂರದ ದಟ್ಟ ಕಾಡಿನಲ್ಲಿ ಸದಾ ಏನಾದರೊಂದು ನಡೆಯುತ್ತಿರುವ ನಾಟಕ ಎಂಬ ಭಾವನೆ ನಮ್ಮಲ್ಲಿ ಬೇರೂರಿದೆ. ಊರಾಚೆಯ ಬಯಲಿಗೆ ಹೋಗಿ ಹತ್ತು ನಿಮಿಷ ನಿಂತವನು "ಇಲ್ಲೇನಿದೆ? ಬರೀ ಕಲ್ಲು ಮುಳ್ಳು" ಎಂದು ಹಿಂತಿರುಗುತ್ತಾನೆ.

ಈ ಲೇಖನದಲ್ಲಿ ಆ ಕಲ್ಲು ಮುಳ್ಳಿನ ನೆಲವನ್ನೇ ನೋಡೋಣ. ಏಕೆಂದರೆ ಅಲ್ಲಿ ಏನಿದೆ ಎಂದು ನಮಗೆ ತಿಳಿಯದಿದ್ದರೆ, ಅದು ಇಲ್ಲವಾದ ದಿನವೂ ನಮಗೆ ತಿಳಿಯುವುದಿಲ್ಲ.

ಬಯಲೆಂದರೆ ಬರಿದಲ್ಲ

ನೈಋತ್ಯ ಮಾರುತಗಳು ಅರಬ್ಬೀ ಸಮುದ್ರದಿಂದ ಹೊತ್ತು ತರುವ ಮಳೆಯ ಬಹುಭಾಗವನ್ನು ಪಶ್ಚಿಮ ಘಟ್ಟಗಳು ತಡೆದು ನಿಲ್ಲಿಸುತ್ತವೆ. ಘಟ್ಟದ ಅಂಚಿನ ಆಗುಂಬೆಯಲ್ಲಿ ವರ್ಷಕ್ಕೆ 7000 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದರೆ, ಘಟ್ಟದ ಮರೆಯಲ್ಲಿರುವ ಚಿತ್ರದುರ್ಗ, ಬಳ್ಳಾರಿ, ಪಾವಗಡ, ಮಧುಗಿರಿಗಳ ಕಡೆ 500ರಿಂದ 700 ಮಿಲಿಮೀಟರ್ ಬಿದ್ದರೆ ದೊಡ್ಡದು. ಇಷ್ಟು ಮಳೆಗೆ ದಟ್ಟ ಕಾಡು ಬೆಳೆಯುವುದಿಲ್ಲ. ಹುಲ್ಲು, ಕುರುಚಲು, ಅಲ್ಲಲ್ಲಿ ಒಂದೊಂದು ಜಾಲಿ, ಎಲಚಿ, ಮುತ್ತುಗದ ಮರ ಬೆಳೆಯುತ್ತವೆ. ಇದು ಕಾಡು ಕೆಟ್ಟು ಆದ ಸ್ಥಿತಿ ಎಂದು ಅನೇಕರು ತಿಳಿದಿದ್ದಾರೆ. ಎಲ್ಲ ಕಡೆಯೂ ಹಾಗಲ್ಲ. ಅನೇಕ ಕಡೆಗಳಲ್ಲಿ ಅಲ್ಲಿನ ಮಳೆಗೆ, ಮಣ್ಣಿಗೆ ತಕ್ಕುದಾದ ಸಹಜ ನೆಲೆಯೇ ಇದು.

ಆದರೆ ನಮ್ಮ ಕಂದಾಯ ದಾಖಲೆಗಳ ಭಾಷೆ ಬೇರೆ. ಉಳುಮೆಗೆ ಒದಗದ ಜಮೀನು ಅಲ್ಲಿ 'ಖರಾಬು'. ದನಕರುಗಳ ಮೇವಿಗೆಂದು ಬಿಟ್ಟದ್ದು 'ಗೋಮಾಳ'. ಉಳಿದದ್ದು 'ಬಂಜರು'. ಈ ಹೆಸರುಗಳು ತೆರಿಗೆಯ ಲೆಕ್ಕಕ್ಕಾಗಿ ಹುಟ್ಟಿದವು. ಅಲ್ಲಿ ಯಾರು ವಾಸವಾಗಿದ್ದಾರೆ ಎಂಬುದನ್ನು ಅವು ಹೇಳುವುದಿಲ್ಲ. ಆ ಲೆಕ್ಕವನ್ನು ಬರೆಯಬೇಕಾದವರು ನೋಡುವ ಕಣ್ಣುಳ್ಳವರು, ಅಂದರೆ ನೀವು.

ಗಿಡದಿಂದ ಆರಂಭಿಸಿ

ಪ್ರಕೃತಿ ವೀಕ್ಷಣೆಗೆ ಹೊಸದಾಗಿ ಇಳಿದವರು ಹಕ್ಕಿಯ ಹಿಂದೆ ಓಡುತ್ತಾರೆ. ಹಕ್ಕಿ ಹಾರಿಹೋಗುತ್ತದೆ, ಉತ್ಸಾಹವೂ ಹಾರಿಹೋಗುತ್ತದೆ. ಆದ್ದರಿಂದ ಗಿಡದಿಂದ ಆರಂಭಿಸುವುದು ಒಳ್ಳೆಯದು. ಅದು ನಾಳೆಯೂ ಅಲ್ಲೇ ಇರುತ್ತದೆ.

ಉದಾಹರಣೆಗೆ ಎಕ್ಕದ ಗಿಡವನ್ನು ತೆಗೆದುಕೊಳ್ಳಿ. ರಥಸಪ್ತಮಿಯ ದಿನ ಅದರ ಎಲೆಗಳನ್ನು ತಲೆ, ಭುಜಗಳ ಮೇಲಿಟ್ಟುಕೊಂಡು ಸ್ನಾನ ಮಾಡುವ ರೂಢಿ ನಮ್ಮಲ್ಲಿದೆ. ಅದರಾಚೆಗೆ ಆ ಗಿಡವನ್ನು ನಾವು ನೋಡುವುದಿಲ್ಲ. ಒಂದು ಬೆಳಿಗ್ಗೆ ಅದರ ಮುಂದೆ ಅರ್ಧ ಗಂಟೆ ಕುಳಿತುಕೊಳ್ಳಿ. ಎಲೆಯ ಮೇಲೆ ಬೂದಿ ಬಳಿದಂತಹ ಮೇಣದ ಲೇಪವಿದೆ. ಉರಿಬಿಸಿಲಿನಲ್ಲಿ ಎಲೆಯ ನೀರು ಆರಿಹೋಗದಂತೆ ಕಾಪಾಡುವುದು ಇದರ ಕೆಲಸ. ಎಲೆ ಮುರಿದರೆ ಹಾಲು ಒಸರುತ್ತದೆ. ಈ ಹಾಲು ವಿಷಕಾರಿ, ಕಣ್ಣಿಗಂತೂ ತಾಗಲೇಬಾರದು. ಮೇಕೆಗಳು ಸಹ ಎಕ್ಕಕ್ಕೆ ಸಾಮಾನ್ಯವಾಗಿ ಬಾಯಿ ಹಾಕುವುದಿಲ್ಲ.

ಹಾಗಾದರೆ ಎಲೆಗಳಲ್ಲಿ ತೂತುಗಳೇಕೆ? ಎಲೆಯ ಅಡಿಭಾಗವನ್ನು ಬಗ್ಗಿ ನೋಡಿ. ಕಪ್ಪು, ಬಿಳಿ, ಹಳದಿ ಪಟ್ಟೆಗಳ, ಮೈಮೇಲೆ ಮೂರು ಜೊತೆ ಕರಿಯ ಎಳೆಗಳಿರುವ ಕಂಬಳಿಹುಳುವಿನಂತಹ ಮರಿಯೊಂದು ಸಿಕ್ಕರೂ ಸಿಗಬಹುದು. ಇದು 'ಪ್ಲೇನ್ ಟೈಗರ್' ಎಂಬ ಚಿಟ್ಟೆಯ ಮರಿ. ಎಕ್ಕ ಮತ್ತು ಅದರ ನೆಂಟ ಗಿಡಗಳೇ ಇದರ ಆಹಾರ. ಗಿಡದ ವಿಷ ಮರಿಯನ್ನು ಕೊಲ್ಲುವುದಿಲ್ಲ. ಬದಲಾಗಿ ಅದರ ಮೈಯಲ್ಲಿ ಶೇಖರವಾಗಿ, ಚಿಟ್ಟೆಯಾದ ಮೇಲೂ ಉಳಿಯುತ್ತದೆ. ಒಮ್ಮೆ ಇಂತಹ ಚಿಟ್ಟೆಯನ್ನು ತಿಂದು ಕಷ್ಟಪಟ್ಟ ಹಕ್ಕಿ ಮತ್ತೆ ಆ ಕಿತ್ತಳೆ ಬಣ್ಣದ ರೆಕ್ಕೆಯನ್ನು ಕಂಡರೆ ದೂರ ಸರಿಯುತ್ತದೆ. ಈ ಭಯದ ಲಾಭವನ್ನು ಇನ್ನೊಂದು ಚಿಟ್ಟೆ ಪಡೆಯುತ್ತದೆ. 'ಡನಾಯ್ಡ್ ಎಗ್‌ಫ್ಲೈ' ಎಂಬ ಚಿಟ್ಟೆಯ ಹೆಣ್ಣು ನೋಡಲು ಪ್ಲೇನ್ ಟೈಗರಿನಂತೆಯೇ ಇರುತ್ತದೆ, ಆದರೆ ಅದು ವಿಷಕಾರಿಯಲ್ಲ. ಅದರ ಗಂಡು ಕಪ್ಪು ರೆಕ್ಕೆಯ ಮೇಲೆ ಬಿಳಿ ಬೊಟ್ಟುಗಳನ್ನುಳ್ಳ ಬೇರೆಯೇ ರೂಪದ ಚಿಟ್ಟೆ. ವೇಷ ಹಾಕಿದ್ದು ಹೆಣ್ಣು ಮಾತ್ರ!

ಇನ್ನು ಹೂವು. ಕಪ್ಪು ಮೈಯ ದೊಡ್ಡ ದುಂಬಿ ಗುಂಯ್‌ಗುಡುತ್ತ ಬಂದು ಕೂರುತ್ತದೆ. ಎಕ್ಕದ ಪರಾಗ ಪುಡಿಯಾಗಿರದೆ ಸಣ್ಣ ಗಂಟುಗಳಂತಿದ್ದು, ದುಂಬಿಯ ಕಾಲಿಗೆ ಸಿಕ್ಕಿಕೊಂಡು ಮುಂದಿನ ಹೂವಿಗೆ ಸಾಗುತ್ತದೆ. ಕಾಯಿ ಒಣಗಿ ಒಡೆದಾಗ ರೇಷ್ಮೆಯಂತಹ ಕೂದಲಿನ ಬೀಜಗಳು ಗಾಳಿಯಲ್ಲಿ ತೇಲಿಹೋಗುತ್ತವೆ. ಒಂದೇ ಗಿಡ. ಅದರ ಸುತ್ತ ಎಷ್ಟು ಜೀವನಗಳು ಹೆಣೆದುಕೊಂಡಿವೆ ನೋಡಿ. ಪಕ್ಕದ ತಂಗಡಿ, ತುಂಬೆ, ಉತ್ತರಾಣಿ, ನೆಗ್ಗಿಲುಗಳಿಗೂ ಇಂತಹದೇ ಕಥೆಗಳಿವೆ. ಉತ್ತರಾಣಿಯ ಬೀಜ ನಿಮ್ಮ ಲಂಗಕ್ಕೋ ಪ್ಯಾಂಟಿಗೋ ಅಂಟಿಕೊಂಡು ಮನೆಯವರೆಗೆ ಬಂದಿತೆಂದರೆ, ಆ ಕಥೆಯಲ್ಲಿ ನೀವೂ ಒಂದು ಪಾತ್ರವಾದಿರಿ.

ಗಿಡಗಳನ್ನು ಗುರುತಿಸುವಾಗ ಸ್ಥಳೀಯ ಯಾವುದು, ಹೊರಗಿನದು ಯಾವುದು ಎಂಬುದನ್ನೂ ತಿಳಿಯಬೇಕು. ಹೆಸರನ್ನು ನಂಬಿದರೆ ಮೋಸಹೋಗುತ್ತೀರಿ. ಕರಿಜಾಲಿ ನಮ್ಮದು. ಆದರೆ 'ಬಳ್ಳಾರಿ ಜಾಲಿ' ಎಂದು ಕರೆಸಿಕೊಳ್ಳುವ ಮುಳ್ಳುಗಿಡ ಅಮೆರಿಕಾ ಖಂಡದಿಂದ ಬಂದದ್ದು. ಅದರ ಕಾಯಿ ತಿಂದ ದನ, ಮೇಕೆಗಳ ಸಗಣಿ, ಹಿಕ್ಕೆಗಳ ಮೂಲಕ ಹರಡಿ ಹುಲ್ಲಿನ ನೆಲವನ್ನು ಮುಳ್ಳಿನ ಪೊದೆಯಾಗಿಸುತ್ತದೆ. ಲಂಟಾನವೂ ಆ ಕಡೆಯದೇ. 1950ರ ದಶಕದಲ್ಲಿ ಪುಣೆಯ ಕಡೆ ಮೊದಲು ಗಮನಕ್ಕೆ ಬಂದ ಪಾರ್ಥೇನಿಯಂ, ಅಂದರೆ ಕಾಂಗ್ರೆಸ್ ಗಿಡ, ಈಗ ಎಲ್ಲೆಲ್ಲೂ ಇದೆ. ಹಸಿರಾಗಿ ಕಂಡದ್ದೆಲ್ಲ ಒಳ್ಳೆಯದೇ ಎಂದು ತಿಳಿಯಬಾರದೆಂಬುದಕ್ಕೆ ಇವು ಸಾಕ್ಷಿ.

ನೆಲದ ಮೇಲೆ ಗೂಡು

ಬಯಲಿನ ಅನೇಕ ಹಕ್ಕಿಗಳು ಮರದ ಮೇಲೆ ಗೂಡು ಕಟ್ಟುವುದಿಲ್ಲ. ಟಿಟ್ಟಿಭ, ನೆಲಗುಬ್ಬಿ, ಕೌಜುಗಗಳು ನೆಲದ ಮೇಲೆಯೇ ಮೊಟ್ಟೆಯಿಡುತ್ತವೆ. ಕೆಂಪು ಟಿಟ್ಟಿಭವನ್ನು ನೀವು ಕೇಳಿಯಾದರೂ ಕೇಳಿರುತ್ತೀರಿ. ಯಾರಾದರೂ ಅದರ ನೆಲೆಯತ್ತ ಸುಳಿದರೆ ಆಕಾಶದಲ್ಲಿ ಸುತ್ತುತ್ತ ಊರಿಗೇ ಕೇಳಿಸುವಂತೆ ಕೂಗುತ್ತದೆ. ಅದರ ಗೂಡೆಂದರೆ ನೆಲದಲ್ಲಿನ ಒಂದು ಸಣ್ಣ ತಗ್ಗು, ಸುತ್ತ ಒಂದಷ್ಟು ಹರಳುಕಲ್ಲು. ಸಾಮಾನ್ಯವಾಗಿ ನಾಲ್ಕು ಮೊಟ್ಟೆ. ಅವುಗಳ ಬಣ್ಣ, ಮಚ್ಚೆಗಳು ನೆಲದೊಂದಿಗೆ ಎಷ್ಟು ಬೆರೆತುಹೋಗುತ್ತವೆಂದರೆ, ಎರಡು ಮಾರು ದೂರದಿಂದಲೂ ಕಾಣುವುದಿಲ್ಲ.

ಇಲ್ಲಿ ನನ್ನದೇ ಒಂದು ತಪ್ಪನ್ನು ಹೇಳಬೇಕು. ಕೆಲವು ವರ್ಷಗಳ ಹಿಂದೆ ಏಪ್ರಿಲ್ ತಿಂಗಳಿನಲ್ಲಿ ಹದಿನೈದು ಮಂದಿ ಕಾಲೇಜು ವಿದ್ಯಾರ್ಥಿಗಳನ್ನು ಕರೆದುಕೊಂಡು ಒಂದು ಬಯಲಿಗೆ ಹೋಗಿದ್ದೆ. ಟಿಟ್ಟಿಭಗಳ ಕೂಗು ಕೇಳಿ, ಗೂಡು ಹತ್ತಿರದಲ್ಲೇ ಇರಬೇಕೆಂದು ಹುಡುಕಿ ಪತ್ತೆ ಹಚ್ಚಿದೆವು. ಎಲ್ಲರಿಗೂ ಸಂಭ್ರಮ. ಒಬ್ಬೊಬ್ಬರಾಗಿ ಬಗ್ಗಿ ನೋಡಿದರು, ಚಿತ್ರ ತೆಗೆದರು. ಕುರಿ ಮೇಯಿಸುತ್ತಿದ್ದ ಮುದುಕರೊಬ್ಬರು ದೂರದಿಂದಲೇ ಕೂಗಿ ಹೇಳಿದರು: "ಮೇಷ್ಟ್ರೇ, ಮಕ್ಕಳನ್ನ ಈಚೆ ಕರ್ಕೊಳ್ಳಿ. ಅದು ಮೊಟ್ಟೆ ಮೇಲೆ ನಿಂತ್ಕೊಳ್ದಿದ್ರೆ ಬಿಸ್ಲಿಗೆ ಬೆಂದೋಗ್ತವೆ."

"ಎರಡೇ ನಿಮಿಷ ಅಜ್ಜಾ" ಎಂದೆ. ಅಲ್ಲಿಂದ ಹೊರಡುವಾಗ ಇಪ್ಪತ್ತು ನಿಮಿಷವೇ ಆಗಿತ್ತು.

ಆ ಅಜ್ಜ ಹೇಳಿದ್ದು ಅಕ್ಷರಶಃ ನಿಜ. ಬೇಸಿಗೆಯಲ್ಲಿ ಟಿಟ್ಟಿಭ ಮೊಟ್ಟೆಗಳಿಗೆ ಕಾವು ಕೊಡುವುದಕ್ಕಿಂತ ನೆರಳು ಕೊಡುವುದೇ ಹೆಚ್ಚು. ಹತ್ತಿರದ ನೀರಿನಲ್ಲಿ ಹೊಟ್ಟೆಯ ಗರಿಗಳನ್ನು ತೋಯಿಸಿಕೊಂಡು ಬಂದು ಮೊಟ್ಟೆಗಳನ್ನು ತಂಪಾಗಿಡುವುದೂ ಉಂಟು. ನಾವು ಅಲ್ಲಿದ್ದಷ್ಟು ಹೊತ್ತೂ ಅದು ಆಕಾಶದಲ್ಲಿ ಅರಚುತ್ತಿತ್ತು, ಮೊಟ್ಟೆಗಳು ಬಿಸಿಲಿನಲ್ಲಿದ್ದವು. ಮರುದಿನ ಹೋದಾಗ ಹಕ್ಕಿಗಳ ಸದ್ದಿರಲಿಲ್ಲ. ತಗ್ಗು ಬರಿದಾಗಿತ್ತು. ಕಾಗೆ ಒಯ್ದಿತೋ, ಮುಂಗುಸಿ ತಿಂದಿತೋ ನಾವು ಕಾಣಲಿಲ್ಲ. ಆದರೆ ಹದಿನಾರು ಜನರ ಹೆಜ್ಜೆಗಳು ಆ ಗೂಡಿನ ಸುತ್ತ ಸ್ಪಷ್ಟವಾಗಿ ಮೂಡಿದ್ದವು. ಪಂಚತಂತ್ರದಲ್ಲಿ ಟಿಟ್ಟಿಭದ ಮೊಟ್ಟೆಗಳನ್ನು ಸಮುದ್ರ ಕೊಂಡೊಯ್ದ ಕಥೆ ಬರುತ್ತದೆ. ಅಲ್ಲಿ ಸಮುದ್ರ ಕೊನೆಗೆ ಮೊಟ್ಟೆಗಳನ್ನು ಹಿಂತಿರುಗಿಸಿತು. ನಮಗೆ ಅದು ಸಾಧ್ಯವಿರಲಿಲ್ಲ.

ನೋಡುವ ಆಸೆಗೂ ನೋಡಲ್ಪಡುವ ಜೀವಿಯ ಕ್ಷೇಮಕ್ಕೂ ನಡುವೆ ಒಂದು ಗೆರೆಯಿದೆ. ಹಕ್ಕಿ ನಿಮ್ಮನ್ನು ನೋಡಿ ಕೂಗುತ್ತಿದೆಯೆಂದರೆ, ನೀವು ಆ ಗೆರೆಯನ್ನು ಆಗಲೇ ದಾಟಿದ್ದೀರಿ ಎಂದು ಅರ್ಥ.

ಕೂತು ನೋಡಿದವರು ಕಂಡದ್ದು

ಹಾಗಾದರೆ ದೂರದಿಂದ ನೋಡಿ ಏನು ತಿಳಿಯುತ್ತದೆ? ಬೇಕಾದಷ್ಟು ತಿಳಿಯುತ್ತದೆ. ಇದಕ್ಕೆ ಡಾ. ಸಲೀಂ ಅಲಿಯವರ ಉದಾಹರಣೆ ಸಾಕು. ಜರ್ಮನಿಯಲ್ಲಿ ಪಕ್ಷಿಶಾಸ್ತ್ರದ ತರಬೇತಿ ಮುಗಿಸಿ ಬಂದ ಅವರಿಗೆ ಇಲ್ಲಿ ಕೆಲಸ ದೊರೆಯಲಿಲ್ಲ. ಮುಂಬಯಿಗೆ ಎದುರಿನ ಕರಾವಳಿಯಲ್ಲಿರುವ ಕಿಹಿಮ್ ಎಂಬ ಹಳ್ಳಿಯ ಮನೆಯಲ್ಲಿ ನೆಲೆಸಿದ್ದಾಗ, ಹತ್ತಿರದಲ್ಲಿ ಗೂಡು ಕಟ್ಟುತ್ತಿದ್ದ ಗೀಜಗಗಳನ್ನು ಮಳೆಗಾಲವಿಡೀ ಕುಳಿತು ನೋಡಿದರು. ಗೀಜಗದ ಗೂಡನ್ನು ಕಾಣದ ಹಳ್ಳಿಯಿಲ್ಲ. ಬಾವಿಯ ಮೇಲೆ ಬಾಗಿದ ಜಾಲಿಯ ಕೊಂಬೆಯಿಂದಲೋ ಈಚಲ ಗರಿಯಿಂದಲೋ ತೂಗುವ ಅದನ್ನು ಸಾವಿರಾರು ವರ್ಷಗಳಿಂದ ಜನ ನೋಡುತ್ತಲೇ ಇದ್ದರು. ಆದರೆ ಸಲೀಂ ಅಲಿಯವರು ದಿನದಿನದ ಟಿಪ್ಪಣಿಯಿಂದ ಹೊಸದೊಂದನ್ನು ಕಂಡುಕೊಂಡರು.

ಗೂಡು ಹೆಣೆಯುವುದು ಗಂಡು. ಅರ್ಧ ಹೆಣೆದಾದ ಮೇಲೆ ಹೆಣ್ಣುಗಳು ಬಂದು ಗೂಡುಗಳನ್ನು ಪರೀಕ್ಷಿಸುತ್ತವೆ. ಒಪ್ಪಿಗೆಯಾದರೆ ಹೆಣ್ಣು ಅಲ್ಲಿಯೇ ನೆಲೆಸುತ್ತದೆ. ಆಗ ಗಂಡು ಉಳಿದ ಭಾಗವನ್ನೂ ಕೊಳವೆಯಂತಹ ಬಾಗಿಲನ್ನೂ ಮುಗಿಸಿಕೊಡುತ್ತದೆ. ಆಮೇಲೆ ಅದೇ ಗಂಡು ಇನ್ನೊಂದು ಗೂಡನ್ನು ಆರಂಭಿಸಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಯಾರಿಗೂ ಒಪ್ಪಿಗೆಯಾಗದ ಗೂಡು ಅರ್ಧಕ್ಕೇ ನಿಂತುಹೋಗುತ್ತದೆ. ನಿಮ್ಮೂರ ಬಾವಿಯ ಬಳಿ ಅರೆಬರೆ ಗೂಡುಗಳನ್ನು ಕಂಡಾಗ "ಹಕ್ಕಿ ಸೋಮಾರಿ" ಎಂದುಕೊಂಡಿದ್ದರೆ, ಕಾರಣ ಇದು. 1930ರ ಸುಮಾರಿಗೆ ಪ್ರಕಟವಾದ ಈ ಅಧ್ಯಯನ ಅವರಿಗೆ ಹೆಸರು ತಂದಿತು. ಅದಕ್ಕೆ ಬೇಕಾದ ಮುಖ್ಯ ಸಲಕರಣೆಗಳು ತಾಳ್ಮೆ ಮತ್ತು ಒಂದು ಟಿಪ್ಪಣಿ ಪುಸ್ತಕ.

ಮರ ನೆಟ್ಟರೂ ಹಾನಿಯೇ?

ನೋಡದೆಯೇ ಒಳ್ಳೆಯದು ಮಾಡಲು ಹೊರಟರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ರಾಜ್ಯದಲ್ಲಿಯೇ ಪಾಠವಿದೆ. ರಾಣೆಬೆನ್ನೂರಿನ ಹತ್ತಿರ 1974ರಲ್ಲಿ ಕೃಷ್ಣಮೃಗಗಳ ಅಭಯಾರಣ್ಯ ಸ್ಥಾಪನೆಯಾಯಿತು. ಆ ಬಯಲಿನಲ್ಲಿ ಕೃಷ್ಣಮೃಗಗಳ ಜೊತೆಗೆ ಇನ್ನೊಂದು ಅಪೂರ್ವ ಜೀವಿಯೂ ಇತ್ತು. ಅದು ನಮ್ಮ ಜನ ಎರೆಭೂತ ಎಂದು ಕರೆಯುವ, ಇಂಗ್ಲಿಷಿನಲ್ಲಿ 'ಗ್ರೇಟ್ ಇಂಡಿಯನ್ ಬಸ್ಟರ್ಡ್' ಎನ್ನುವ ದೊಡ್ಡ ಹಕ್ಕಿ. ಗಂಡು ಒಂದು ಮೀಟರ್ ಎತ್ತರ ನಿಲ್ಲುತ್ತದೆ, ಹಾರಬಲ್ಲ ಹಕ್ಕಿಗಳಲ್ಲಿ ಅತಿ ಭಾರದವುಗಳ ಸಾಲಿಗೆ ಸೇರುತ್ತದೆ. ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆ, ಅದೂ ಬರಿ ನೆಲದ ಮೇಲೆ.

ಈ ಹಕ್ಕಿಗೆ ಬೇಕಾದುದು ದೂರದವರೆಗೂ ಕಾಣುವ ತೆರೆದ ಬಯಲು. ಆದರೆ ಅಲ್ಲಿನ ಹುಲ್ಲುನೆಲದ ಬಹುಭಾಗದಲ್ಲಿ ನೀಲಗಿರಿ ಮರಗಳನ್ನು ನೆಡಲಾಗಿತ್ತು. ಬರಡು ನೆಲ ಹಸಿರಾಗಲಿ ಎಂಬ ಆಶಯದಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಕೃಷ್ಣಮೃಗಗಳು ಹೇಗೋ ಹೊಂದಿಕೊಂಡವು. ಎರೆಭೂತ ಹೊಂದಿಕೊಳ್ಳಲಿಲ್ಲ, ಆ ಬಯಲಿನಿಂದ ಕಣ್ಮರೆಯಾಯಿತು. ಬೇಟೆ, ಬೇಸಾಯದ ವಿಸ್ತರಣೆ, ವಿದ್ಯುತ್ ತಂತಿಗಳು ದೇಶದ ಬೇರೆಡೆಗಳಲ್ಲಿಯೂ ಇದರ ಸಂಖ್ಯೆಯನ್ನು ಇಳಿಸಿವೆ. ಅಕ್ಕಪಕ್ಕ ನೋಡಲು ಅನುಕೂಲವಾದ ಅದರ ಕಣ್ಣಿಗೆ ನೇರ ಎದುರಿನ ತಂತಿ ಬೇಗ ಕಾಣದು. 2011ರಲ್ಲಿ ಇದನ್ನು ಅಳಿವಿನ ಅಂಚಿನಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಲಾಯಿತು. ಉಳಿದ ಸ್ವಲ್ಪ ಸಂಖ್ಯೆಯಲ್ಲಿ ಹೆಚ್ಚಿನವು ರಾಜಸ್ಥಾನದಲ್ಲಿವೆ. ಕರ್ನಾಟಕದಲ್ಲಿ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳೆಣಿಕೆಯಷ್ಟು ಕಂಡುಬಂದಿವೆ.

ಮರ ನೆಡಬಾರದೆಂದು ಇದರ ಅರ್ಥವಲ್ಲ. ಎಲ್ಲಿ, ಯಾವ ಮರ ಎಂದು ಕೇಳಬೇಕು. ಆ ಪ್ರಶ್ನೆಗೆ ಉತ್ತರ ಕೊಡಬಲ್ಲವರು ಆ ನೆಲವನ್ನು ಮೊದಲು ನೋಡಿದವರು. ಇದಕ್ಕೆ ಬೇರೆಯ ಉದಾಹರಣೆಯೂ ಇದೆ. ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯ ಹುಲ್ಲುಗಾವಲನ್ನು 2007ರಲ್ಲಿ ಜಯಮಂಗಲಿ ಕೃಷ್ಣಮೃಗ ಸಂರಕ್ಷಿತ ಪ್ರದೇಶವೆಂದು ಘೋಷಿಸಲಾಯಿತು. ಸುರುಳಿ ಕೊಂಬಿನ ಕಪ್ಪು ಗಂಡುಗಳನ್ನೂ ಕೊಂಬಿಲ್ಲದ ಕಂದು ಹೆಣ್ಣುಗಳನ್ನೂ ಅಲ್ಲಿ ಹಿಂಡಾಗಿ ನೋಡಬಹುದು. ಚಳಿಗಾಲದಲ್ಲಿ ಮಧ್ಯ ಏಷ್ಯಾದ ಕಡೆಯಿಂದ ಬರುವ, ಹುಲ್ಲಿನ ಮೇಲೆ ತಗ್ಗಾಗಿ ತೇಲಿದಂತೆ ಹಾರುವ ಗಿಡುಗಗಳಿಗೂ ಇಂತಹ ಬಯಲುಗಳೇ ಬೇಕು.

ನೀವು ಮಾಡಬಹುದಾದದ್ದು

ನಿಮ್ಮ ಮನೆಯಿಂದ ನಡೆದು ಹೋಗಬಹುದಾದ ಒಂದೇ ಒಂದು ಜಾಗವನ್ನು ಆರಿಸಿಕೊಳ್ಳಿ. ಗೋಮಾಳ, ಕೆರೆಯ ಹಿಂಭಾಗ, ಕಲ್ಲುಗುಡ್ಡದ ಬುಡ, ಪಟ್ಟಣದಲ್ಲಾದರೆ ಕಾಲೇಜಿನ ಹಿಂದಿನ ಖಾಲಿ ಜಾಗ, ಯಾವುದಾದರೂ ಆಗಬಹುದು. ಹತ್ತು ಜಾಗಗಳನ್ನು ಒಮ್ಮೆ ನೋಡುವುದಕ್ಕಿಂತ ಒಂದು ಜಾಗವನ್ನು ಹತ್ತು ಸಲ ನೋಡುವುದು ಮೇಲು.

ಸೂರ್ಯೋದಯದ ನಂತರದ ಎರಡು ಗಂಟೆಗಳು ಉತ್ತಮ ಕಾಲ. ಇಬ್ಬರು ಮೂವರಿಗಿಂತ ಹೆಚ್ಚು ಜನ ಬೇಡ. ಮಣ್ಣಿನ ಬಣ್ಣದ ಬಟ್ಟೆ, ಗಟ್ಟಿ ಚಪ್ಪಲಿ ಅಥವಾ ಬೂಟು, ಕುಡಿಯಲು ನೀರು, ಒಂದು ಪೆನ್ಸಿಲ್, ಒಂದು ನೋಟು ಪುಸ್ತಕ ಸಾಕು. ದುರ್ಬೀನು ಸಿಕ್ಕರೆ ಒಳ್ಳೆಯದು, ಸಿಗದಿದ್ದರೆ ನಿಲ್ಲಬೇಕಾಗಿಲ್ಲ. ಹೋದ ಕೂಡಲೇ ನಡೆದಾಡಬೇಡಿ, ಕುಳಿತುಕೊಳ್ಳಿ. ಸುಮಾರು ಹದಿನೈದು ನಿಮಿಷ ಕಳೆದ ಮೇಲೆ ಬಯಲು ನಿಮ್ಮನ್ನು ಮರೆತು ತನ್ನ ಕೆಲಸಕ್ಕೆ ಮರಳುತ್ತದೆ.

ಪುಸ್ತಕದಲ್ಲಿ ದಿನಾಂಕ, ಸಮಯ, ಸ್ಥಳ, ಬಿಸಿಲು ಮೋಡಗಳ ಸ್ಥಿತಿ, ಕಂಡದ್ದು ಏನು, ಎಷ್ಟು, ಏನು ಮಾಡುತ್ತಿತ್ತು ಎಂಬುದನ್ನು ಬರೆಯಿರಿ. ಹೆಸರು ತಿಳಿಯದಿದ್ದರೆ ಚಿತ್ರ ಬಿಡಿಸಿ. ಚಿತ್ರ ಚೆನ್ನಾಗಿರಬೇಕಿಲ್ಲ, ಬಿಡಿಸುವಾಗ ಕಣ್ಣು ಚುರುಕಾಗುತ್ತದೆ. ಕುರಿಗಾಹಿಗಳನ್ನೂ ಹಿರಿಯರನ್ನೂ "ಇದಕ್ಕೆ ನೀವು ಏನಂತೀರಿ?" ಎಂದು ಕೇಳಿ, ಅವರು ಹೇಳುವ ಹೆಸರನ್ನು ಹಾಗೆಯೇ ಬರೆದುಕೊಳ್ಳಿ. ಪುಸ್ತಕದ ಹೆಸರನ್ನು ಆಮೇಲೆ ಹುಡುಕಬಹುದು.

ಕೆಲವು ಎಚ್ಚರಿಕೆಗಳು:

1. ಗೂಡು, ಮೊಟ್ಟೆ, ಮರಿಗಳ ಬಳಿ ಹೋಗಬೇಡಿ. ಅವುಗಳನ್ನು ತೆಗೆಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅಪರಾಧವೂ ಹೌದು.

2. ಹುಲ್ಲಿನಲ್ಲಿ ಕೃಷ್ಣಮೃಗದ ಮರಿ ಒಂಟಿಯಾಗಿ ಮಲಗಿದ್ದರೆ ಅದು ಅನಾಥವಲ್ಲ. ತಾಯಿ ಅದನ್ನು ಅಲ್ಲಿ ಅಡಗಿಸಿಟ್ಟು ಮೇಯಲು ಹೋಗಿರುತ್ತದೆ. ಎತ್ತಿಕೊಂಡು ಬರಬೇಡಿ.

3. ಮೊಬೈಲಿನಲ್ಲಿ ಹಕ್ಕಿಯ ಕೂಗನ್ನು ನುಡಿಸಿ ಅದನ್ನು ಕರೆಯಬೇಡಿ. ಎದುರಾಳಿ ಬಂದಿತೆಂದು ಅದು ತನ್ನ ಕೆಲಸ ಬಿಟ್ಟು ಹುಡುಕಾಡುತ್ತದೆ. ಗೂಡಿನ ಚಿತ್ರವನ್ನು ಸ್ಥಳದ ವಿವರದೊಡನೆ ಎಲ್ಲರಿಗೂ ಕಳುಹಿಸಬೇಡಿ.

4. ಕಲ್ಲನ್ನು ಕೈಯಿಂದ ಎತ್ತಬೇಡಿ, ಅದರ ಕೆಳಗೆ ಚೇಳು, ಹಾವುಗಳಿರಬಹುದು. ಹಾವು ಕಂಡರೆ ನಿಂತು, ಅದಕ್ಕೆ ದಾರಿ ಬಿಡಿ.

ಒಂದು ವರ್ಷ ಹೀಗೆ ಮಾಡಿದರೆ ನಿಮ್ಮ ಕೈಯಲ್ಲಿ ಒಂದು ದಾಖಲೆ ಇರುತ್ತದೆ. ಮುತ್ತುಗ ಯಾವ ವಾರ ಹೂಬಿಟ್ಟಿತು, ಮೊದಲ ಮಳೆಯ ಸಂಜೆ ಹುತ್ತದಿಂದ ರೆಕ್ಕೆಗೆದ್ದಲು ಎದ್ದಾಗ ಯಾವ ಯಾವ ಹಕ್ಕಿಗಳು ಬಂದವು, ಗೀಜಗ ಎಂದು ಹೆಣೆಯಲು ಆರಂಭಿಸಿತು ಎಂಬುದೆಲ್ಲ ಅದರಲ್ಲಿರುತ್ತದೆ. ಇದು ಕೇವಲ ಹವ್ಯಾಸದ ವಸ್ತುವಲ್ಲ. 2002ರ ಜೀವವೈವಿಧ್ಯ ಕಾಯ್ದೆಯಂತೆ ಸ್ಥಳೀಯ ಸಂಸ್ಥೆಗಳ ಮಟ್ಟದಲ್ಲಿ ಜೀವವೈವಿಧ್ಯ ನಿರ್ವಹಣಾ ಸಮಿತಿಗಳಿರಬೇಕು, ಅವು ಊರಿನ ಗಿಡಮರ, ಪ್ರಾಣಿಪಕ್ಷಿಗಳ ದಾಖಲಾತಿಯನ್ನು ಸಿದ್ಧಪಡಿಸಬೇಕು. ನಿಮ್ಮ ಪಂಚಾಯಿತಿಯಲ್ಲಿ ಆ ಪುಸ್ತಕ ಇದೆಯೇ ಎಂದು ವಿಚಾರಿಸಿ. ಅದರಲ್ಲಿ ನಿಮ್ಮೂರ ಗೋಮಾಳದ ಬಗ್ಗೆ ಏನು ಬರೆದಿದೆ ನೋಡಿ. ಬರೆದಿಲ್ಲದಿದ್ದರೆ, ಬರೆಸಲು ನಿಮ್ಮ ನೋಟು ಪುಸ್ತಕ ನೆರವಾದೀತು.

ಟಿಟ್ಟಿಭದ ಗೂಡು ಬರಿದಾದ ಆ ಬಯಲಿಗೆ ನಾನು ಈಗಲೂ ಹೋಗುತ್ತೇನೆ. ಬೇಲಿಯಂಚಿನ ಒಂದು ಹೊಂಗೆಯ ನೆರಳಿನಲ್ಲಿ ಕುಳಿತುಕೊಳ್ಳುತ್ತೇನೆ, ಅಲ್ಲಿಂದ ಮುಂದೆ ಹೋಗುವುದಿಲ್ಲ. ಕಳೆದ ಬೇಸಿಗೆಯಲ್ಲಿ ಅಲ್ಲಿಂದಲೇ ಎರಡು ದೊಡ್ಡ ಹಕ್ಕಿಗಳೂ ಅವುಗಳ ಹಿಂದೆ ಹುಲ್ಲಿನ ನಡುವೆ ಓಡುತ್ತಿದ್ದ ಮೂರು ಮರಿಗಳೂ ಕಂಡವು. ಅವು ಕೂಗಲಿಲ್ಲ. ಪುಸ್ತಕದಲ್ಲಿ ದಿನಾಂಕ, ಸಮಯ ಬರೆದು, ಬಂದ ದಾರಿಯಲ್ಲೇ ಹಿಂತಿರುಗಿದೆ.